ಮಾತ್ರೆ ನಿಲ್ಲಿಸುವ ಮೊದಲು ಗಡಿಯಾರ ನೋಡಿ

ಪ್ರಶ್ನೆ: ನಮ್ಮದು ಕೇರಳದ ಕಾಸರಗೋಡು ಜಿಲ್ಲೆಯ ಪೆರ್ಲದ ಹತ್ತಿರ ಅಡಿಕೆ ತೋಟದ ಮನೆ. ಮಗನಿಗೆ ಒಂಬತ್ತು ವರ್ಷ, ಕನ್ನಡ ಮಾಧ್ಯಮದಲ್ಲಿ ನಾಲ್ಕನೇ ತರಗತಿ. ಮಂಗಳೂರಿನ ವೈದ್ಯರು ಇದು ಗಮನ ನಿಲ್ಲದ, ಅತಿಯಾಗಿ ಚಡಪಡಿಸುವ ತೊಂದರೆ, ಎಡಿಎಚ್‌ಡಿ ಎಂದು ಹೇಳಿ ಮಿಥೈಲ್‌ಫೆನಿಡೇಟ್ 10 ಮಿಲಿಗ್ರಾಂ ಮಾತ್ರೆಯನ್ನು ಬೆಳಿಗ್ಗೆ ಒಂದು, ಮಧ್ಯಾಹ್ನ ಒಂದು ಎಂದು ಬರೆದಿದ್ದಾರೆ. ಆರು ವಾರವಾಯಿತು. ಬೆಳಿಗ್ಗೆ ಎಂಟೂವರೆಗೆ ಮಾತ್ರೆ ನುಂಗಿ ಬಸ್ಸಿಗೆ ಓಡುತ್ತಾನೆ, ತಿಂಡಿ ತಿಂದರೆ ತಿಂದ, ಇಲ್ಲದಿದ್ದರೆ ಇಲ್ಲ. ಮಧ್ಯಾಹ್ನದ ಮಾತ್ರೆ ಕೊಡಲು ಶಾಲೆಯವರು ಒಪ್ಪದ ಕಾರಣ ಅದನ್ನು ಮನೆಗೆ ಬಂದ ಮೇಲೆ ನಾಲ್ಕೂವರೆಗೆ ಕೊಡುತ್ತೇನೆ. ಈಗ ಅಕ್ಷರ ದುಂಡಗಾಗಿದೆ, ಬೆಳಗಿನ ಪಾಠಗಳಲ್ಲಿ ಕೂರುತ್ತಾನಂತೆ. ಆದರೆ ಬುತ್ತಿ ಹಾಗೆಯೇ ಹಿಂದೆ ಬರುತ್ತದೆ, ರಾತ್ರಿಯ ಊಟವೂ ಬೇಡ. ಒಂಬತ್ತು ಗಂಟೆಗೆ ಕಾರಣವಿಲ್ಲದೆ ಅಳು, ರಂಪ. ಹನ್ನೊಂದಾದರೂ ನಿದ್ದೆಯಿಲ್ಲ. ಒಂದು ಕಿಲೋ ಇಳಿದಿದ್ದಾನೆ. ಊರಿನ ಮೆಡಿಕಲ್‌ನವರು ಈ ಔಷಧ ಇಟ್ಟುಕೊಳ್ಳುವುದಿಲ್ಲ ಎಂದರು. ಅದನ್ನು ಕೇಳಿದ ಅತ್ತೆ, ಇದು ಅಮಲಿನ ಮಾತ್ರೆ, ಮಗುವನ್ನು ಹಾಳು ಮಾಡಬೇಡ ಎನ್ನುತ್ತಾರೆ. ಗಂಡ ದುಬೈಯಲ್ಲಿದ್ದಾರೆ, ಬೇಸಗೆ ರಜೆಗೆ ಅಲ್ಲಿಗೆ ಹೋಗುವವರಿದ್ದೇವೆ. ಮೊನ್ನೆ ಮಗ, ‘ನನಗೆ ಹುಚ್ಚಾ ಅಮ್ಮಾ?’ ಎಂದು ಕೇಳಿದ. ನಿಲ್ಲಿಸಿಬಿಡಲೇ ಡಾಕ್ಟರೇ?

ಉತ್ತರ: ನಿಮ್ಮ ಪತ್ರದಲ್ಲಿ ನನ್ನ ಕಣ್ಣು ನಿಂತದ್ದು ‘ನಾಲ್ಕೂವರೆಗೆ’ ಎಂಬ ಪದದ ಮೇಲೆ. ನಿಮ್ಮ ಅರ್ಧ ಸಂಕಟಕ್ಕೆ ಕಾರಣ ಅಲ್ಲಿಯೇ ಇದೆ.

ನಿಮ್ಮ ಮಗನಿಗೆ ಕೊಟ್ಟಿರುವುದು ಸಾದಾ ಮಾತ್ರೆ, ನಿಧಾನವಾಗಿ ಕರಗುವ ಬಗೆಯದಲ್ಲ. ನುಂಗಿದ ಅರ್ಧ ಮುಕ್ಕಾಲು ಗಂಟೆಯಲ್ಲಿ ಅದರ ಕೆಲಸ ಶುರುವಾಗುತ್ತದೆ, ಹೆಚ್ಚುಕಡಿಮೆ ನಾಲ್ಕು ಗಂಟೆಯಲ್ಲಿ ಮುಗಿಯುತ್ತದೆ. ಎಂಟೂವರೆಯ ಮಾತ್ರೆ ಹನ್ನೆರಡೂವರೆಯ ಸುಮಾರಿಗೆ ಇಳಿಯುತ್ತದೆ. ಬೆಳಗಿನ ಪಾಠಗಳಲ್ಲಿ ಅವನು ಕೂರುವುದು ಅದಕ್ಕೇ. ವೈದ್ಯರು ಎರಡನೆಯ ಮಾತ್ರೆ ಬರೆದದ್ದು ಊಟದ ನಂತರದ ಪಾಠಗಳಿಗಾಗಿ. ಅದನ್ನು ನಾಲ್ಕೂವರೆಗೆ ಕೊಟ್ಟರೆ ಅದು ರಾತ್ರಿ ಎಂಟೂವರೆಯವರೆಗೆ ಕೆಲಸ ಮಾಡುತ್ತದೆ, ಮಾಡಲು ಶಾಲೆಯ ಕೆಲಸವೇ ಇಲ್ಲದ ಹೊತ್ತಿನಲ್ಲಿ. ಈ ಔಷಧ ಹಸಿವನ್ನು ತಡೆಯುವುದರಿಂದ ಎಂಟು ಗಂಟೆಯ ಊಟ ಅವನಿಗೆ ಬೇಡ. ಒಂಬತ್ತಕ್ಕೆ ಮಾತ್ರೆ ಇಳಿಯುತ್ತದೆ. ಇಳಿಯುವ ಆ ಅರ್ಧ ಮುಕ್ಕಾಲು ಗಂಟೆ ಕೆಲವು ಮಕ್ಕಳು ತಡೆಯಲಾರದಷ್ಟು ಸಿಡುಕುತ್ತಾರೆ, ಸುಮ್ಮನೆ ಅಳುತ್ತಾರೆ. ಅದರ ಮೇಲೆ ಇಡೀ ದಿನದ ಹಸಿವು, ದಣಿವು. ಆಮೇಲೆ ನಿದ್ದೆ ಎಲ್ಲಿಂದ ಬರಬೇಕು? ಅಳು, ಊಟ, ನಿದ್ದೆ ಎಂದು ನೀವು ಮೂರು ತೊಂದರೆ ಬರೆದಿದ್ದೀರಿ. ಮೂರೂ ಬಹುಪಾಲು ಆ ಒಂದು ಹೊತ್ತಿನಿಂದ ಹುಟ್ಟಿದವು.

ಆದ್ದರಿಂದ ನಾಳೆಯೇ ನಿಮ್ಮ ವೈದ್ಯರಿಗೆ ಫೋನ್ ಮಾಡಿ, ಮಧ್ಯಾಹ್ನದ ಡೋಸ್ ಸಂಜೆ ಹೋಗುತ್ತಿದೆ ಎಂದು ಹೇಳಿ. ಅವರಿಗೆ ಇದು ಗೊತ್ತಿರಲಿಕ್ಕಿಲ್ಲ. ಅವರು ಸಿಗುವವರೆಗೆ ನಾಲ್ಕೂವರೆಯ ಮಾತ್ರೆ ಬಿಟ್ಟರೆ ಮಗುವಿನ ದೇಹಕ್ಕೆ ಅಪಾಯವಿಲ್ಲ. ಮಧ್ಯಾಹ್ನ ತಪ್ಪಿದ್ದನ್ನು ಸಂಜೆ ಕೊಡಬಾರದು ಎಂಬುದು ಈ ಔಷಧದ ಮೊದಲ ಪಾಠ. ತಪ್ಪಿತೆಂದು ಮರುದಿನ ಬೆಳಿಗ್ಗೆ ಎರಡು ಒಟ್ಟಿಗೆ ಕೊಡುವುದಂತೂ ಕೂಡದು. ಮುಂದೆ ಎರಡು ದಾರಿಗಳಿವೆ. ವೈದ್ಯರ ಪತ್ರ ಕೊಂಡೊಯ್ದು ಮುಖ್ಯೋಪಾಧ್ಯಾಯರನ್ನು ಮತ್ತೊಮ್ಮೆ ಕೇಳಿ. ಕಚೇರಿಯ ಬೀರುವಿನಲ್ಲಿ ಬೀಗ ಹಾಕಿಟ್ಟು, ದಿನಕ್ಕೊಂದು ಮಾತ್ರೆಯನ್ನು ಒಬ್ಬ ಅಧ್ಯಾಪಕರ ಕಣ್ಣೆದುರು ನುಂಗಿಸುವುದು ದೊಡ್ಡ ಕೆಲಸವೇನಲ್ಲ. ಒಪ್ಪದಿದ್ದರೆ, ಬೆಳಿಗ್ಗೆ ಒಂದೇ ಸಲ ಕೊಡುವ ದೀರ್ಘಕಾಲ ಕೆಲಸ ಮಾಡುವ ಬಗೆಯದು ಇದೆ. ಅದು ಎಂಟರಿಂದ ಹನ್ನೆರಡು ಗಂಟೆ ಇರುತ್ತದೆ. ಅದನ್ನು ಜಗಿಯಬಾರದು, ಪುಡಿ ಮಾಡಿ ಹಾಲಿಗೆ ಹಾಕಬಾರದು. ಪುಡಿ ಮಾಡಿದರೆ ದಿನವಿಡೀ ಸ್ವಲ್ಪಸ್ವಲ್ಪವಾಗಿ ಸಿಗಬೇಕಾದದ್ದು ಒಮ್ಮೆಗೇ ದೇಹಕ್ಕೆ ಸೇರುತ್ತದೆ.

ಮಗು ಬುತ್ತಿ ಹಿಂದೆ ತರುವುದು ತಾಯಿಗೆ ಎಷ್ಟು ಚುಚ್ಚುತ್ತದೆ ಎಂದು ಬಲ್ಲೆ. ನನ್ನಲ್ಲಿಗೆ ಬರುವ ಒಬ್ಬ ತಾಯಿ ಮುಚ್ಚಳ ತೆರೆದು ನನಗೇ ತೋರಿಸಿದ್ದರು. ಮೂರು ನೀರುದೋಸೆ, ಒಂದರ ಅಂಚಿನಲ್ಲಿ ಮಾತ್ರ ಕಚ್ಚಿದ ಗುರುತು, ಚಟ್ನಿ ಒಣಗಿ ಬಿರಿದಿತ್ತು. ಈ ಔಷಧ ತೆಗೆದುಕೊಳ್ಳುವ ಮಕ್ಕಳಲ್ಲಿ ಅತಿ ಸಾಮಾನ್ಯವಾಗಿ ಕಾಣುವ ಅಡ್ಡಪರಿಣಾಮ ಇದೇ. ಹಸಿವಿಲ್ಲದ ಹೊತ್ತಿನಲ್ಲಿ ಒತ್ತಾಯಿಸಿ ಗೆದ್ದವರನ್ನು ನಾನು ಕಂಡಿಲ್ಲ. ಹಸಿವಿರುವ ಹೊತ್ತನ್ನು ಹಿಡಿಯಬೇಕು. ಮೊದಲನೆಯದು, ಮಾತ್ರೆಗೆ ಮುಂಚಿನ ಬೆಳಗು. ಅವನನ್ನು ಇಪ್ಪತ್ತು ನಿಮಿಷ ಬೇಗ ಎಬ್ಬಿಸಿ, ತುಪ್ಪ ಹಾಕಿದ ಗಂಜಿಯೋ, ಕಡಲೆ ಬೆರೆಸಿದ ಪುಟ್ಟೋ, ಬಾಳೆಹಣ್ಣೋ ಹೊಟ್ಟೆಗೆ ಸೇರಿದ ಮೇಲೆ ಮಾತ್ರೆ ಕೊಡಿ. ಹೊಟ್ಟೆನೋವು, ತಲೆನೋವು ಕೂಡ ಇದರಿಂದ ಕಡಿಮೆಯಾಗುತ್ತದೆ. ಎರಡನೆಯದು ಸಂಜೆ. ನಾಲ್ಕೂವರೆಯ ಮಾತ್ರೆ ಹೋದರೆ ಐದು ಗಂಟೆಗೆ ಅವನೇ ಅಡುಗೆಮನೆಗೆ ಬರುತ್ತಾನೆ. ಆಗ ಬಿಸ್ಕತ್ತಿನ ಪೊಟ್ಟಣ ಕೈಗಿಡಬೇಡಿ. ಮಧ್ಯಾಹ್ನದ್ದೆಂದು ತಿಳಿದು ಅನ್ನವನ್ನೇ ಬಡಿಸಿ. ರಾತ್ರಿಯ ಊಟ ಒಂದು ಗಂಟೆ ತಡವಾದರೂ ಆಗಲಿ. ಬುತ್ತಿಗೆ ತುಂಬ ಹಾಕಿ ಬೇಸರಪಡುವ ಬದಲು ನಾಲ್ಕು ತುತ್ತಿಗೆ ಸಾಕಾಗುವಷ್ಟು, ಅವನಿಗೆ ಇಷ್ಟವಾದದ್ದನ್ನು ಹಾಕಿ.

ತೂಕದ ಮಾತಿಗೆ ಬಂದರೆ, ಆರು ವಾರದಲ್ಲಿ ಒಂದು ಕಿಲೋ ಇಳಿದದ್ದನ್ನು ನಾನು ಲಘುವಾಗಿ ಕಾಣುವುದಿಲ್ಲ. ಆದರೆ ಎರಡು ಹೊತ್ತಿನ ಊಟ ತಪ್ಪಿದ ಮಗು ಇಳಿಯದೆ ಇರುತ್ತದೆಯೇ? ಅಡಿಕೆ ತೂಗುವ ತಕ್ಕಡಿ ಮನೆಯಲ್ಲಿದ್ದರೆ ಪ್ರತಿ ತಿಂಗಳ ಮೊದಲ ಭಾನುವಾರ ಅದೇ ತಕ್ಕಡಿಯಲ್ಲಿ, ಅದೇ ಬಗೆಯ ಬಟ್ಟೆಯಲ್ಲಿ ತೂಗಿ ಬರೆದಿಡಿ. ಎತ್ತರವನ್ನು ಬಾಗಿಲ ದಾರಂದದ ಮೇಲೆ ಪೆನ್ಸಿಲ್‌ನಿಂದ ಗುರುತು ಹಾಕಿ, ಪಕ್ಕದಲ್ಲಿ ತಾರೀಕು ಹಾಕಿ. ಆರು ತಿಂಗಳಿಗೊಮ್ಮೆ ವೈದ್ಯರೂ ಅಳೆಯಬೇಕು. ಈ ಔಷಧವನ್ನು ವರ್ಷಗಟ್ಟಲೆ ಬಿಡದೆ ತೆಗೆದುಕೊಳ್ಳುವ ಮಕ್ಕಳಲ್ಲಿ ಮೊದಲ ಎರಡು ಮೂರು ವರ್ಷ ಬೆಳವಣಿಗೆ ತುಸು ನಿಧಾನವಾಗುವುದು ಉಂಟು. ಒಟ್ಟು ಸುಮಾರು 2 ಸೆಂಟಿಮೀಟರಿನಷ್ಟು ಕಡಿಮೆಯಾಗಬಹುದು. ಇದನ್ನು ತಂದೆತಾಯಿಯರಿಂದ ಮುಚ್ಚಿಡುವುದು ಸರಿಯಲ್ಲ ಎಂದು ನನ್ನ ಅಭಿಪ್ರಾಯ. ತೂಕ ಇನ್ನೂ ಇಳಿಯುತ್ತಿದ್ದರೆ ಡೋಸ್ ಇಳಿಸಬೇಕೋ, ರಜೆಯಲ್ಲಿ ಬಿಡುವು ಕೊಡಬೇಕೋ, ಬೇರೆ ಔಷಧಕ್ಕೆ ಹೋಗಬೇಕೋ ಎಂದು ವೈದ್ಯರು ನಿರ್ಧರಿಸುತ್ತಾರೆ.

ಇನ್ನು ನಿಮ್ಮ ಅತ್ತೆಯ ಮಾತು. ಮೊಮ್ಮಗನ ಮೇಲಿನ ಕಾಳಜಿಯಿಂದ ಬಂದ ಮಾತು ಅದು, ಅವರಿಗೆ ಸಮಾಧಾನವಾಗುವಂತೆ ಉತ್ತರಿಸೋಣ. ನಿಮ್ಮ ಕಡೆ ನೀರಿಗಾಗಿ ಗುಡ್ಡಕ್ಕೆ ಅಡ್ಡಲಾಗಿ ತೋಡಿದ ಸುರಂಗ ಕಂಡವರಿಗೆ ಇದನ್ನು ಹೇಳುವುದು ಸುಲಭ. ಗುಡ್ಡದ ಹೊಟ್ಟೆಯಿಂದ ಸಪೂರ ಧಾರೆ ಬಂದು ಟಾಂಕಿಗೆ ಬೀಳುತ್ತದೆ. ತೂಬು ಪೂರ್ತಿ ತೆರೆದಿದ್ದರೆ ಟಾಂಕಿ ತುಂಬುವುದೇ ಇಲ್ಲ, ತೋಟದ ಕೊನೆಯ ಸಾಲಿಗೆ ನೀರು ಹೋಗುವುದಿಲ್ಲ. ಮಿದುಳಿನಲ್ಲಿ ಗಮನವನ್ನು ಹಿಡಿದಿಡುವ ಭಾಗಕ್ಕೆ ಡೋಪಮಿನ್, ನಾರ್‌ಅಡ್ರಿನಲಿನ್ ಎಂಬ ಎರಡು ರಾಸಾಯನಿಕಗಳು ಬೇಕು. ನರಕೋಶ ಬಿಡುಗಡೆ ಮಾಡಿದ್ದನ್ನು ಅದೇ ಕೋಶ ಹಿಂದಕ್ಕೆ ಎಳೆದುಕೊಳ್ಳುವ ದಾರಿಯೇ ಇಲ್ಲಿ ತೂಬು. ಮಿಥೈಲ್‌ಫೆನಿಡೇಟ್ ಹೊಸ ಸುರಂಗ ತೋಡುವುದಿಲ್ಲ, ತೂಬನ್ನು ನಾಲ್ಕು ಗಂಟೆಯ ಮಟ್ಟಿಗೆ ಅರ್ಧ ಮುಚ್ಚುತ್ತದೆ. ಚುರುಕು ಮಾಡುವ ಔಷಧ ಚುರುಕಿನ ಮಗುವನ್ನು ಕೂರಿಸುವುದು ಹೇಗೆ ಎಂದು ಕೇಳುವವರಿಗೂ ಉತ್ತರ ಇದೇ. ಅದು ಚುರುಕು ಮಾಡುವುದು ತನ್ನನ್ನು ತಾನು ತಡೆದುಕೊಳ್ಳುವ ಶಕ್ತಿಯನ್ನು.

ಬಾಯಿಂದ, ವೈದ್ಯರು ಹೇಳಿದ ಅಳತೆಯಲ್ಲಿ ತೆಗೆದುಕೊಂಡಾಗ ಮಟ್ಟ ನಿಧಾನವಾಗಿ ಏರಿ ನಿಧಾನವಾಗಿ ಇಳಿಯುತ್ತದೆ, ಅಮಲು ಬರುವುದಿಲ್ಲ. ಹೀಗೆ ಚಿಕಿತ್ಸೆ ಪಡೆದ ಮಕ್ಕಳು ಮುಂದೆ ಮಾದಕ ವಸ್ತುಗಳ ಹಿಂದೆ ಬೀಳುವ ಸಂಭವ ಇದರಿಂದ ಹೆಚ್ಚುವುದಿಲ್ಲ ಎಂಬುದನ್ನು ದೀರ್ಘಕಾಲದ ಅಧ್ಯಯನಗಳು ತೋರಿಸಿವೆ. ಅಮಲಿಗಾಗಿ ಬಳಸುವವರು ಇದನ್ನು ಪುಡಿ ಮಾಡಿ ಮೂಗಿಗೆ ಏರಿಸುತ್ತಾರೆ, ಹತ್ತಾರು ನುಂಗುತ್ತಾರೆ. ಅತ್ತೆಯ ಹೆದರಿಕೆಗೆ ಮೂಲ ಅದು, ಕಾನೂನು ಬಿಗಿಯಾಗಿರುವುದಕ್ಕೂ ಕಾರಣ ಅದೇ. ನಮ್ಮ ದೇಶದಲ್ಲಿ ಈ ಔಷಧ ‘ಶೆಡ್ಯೂಲ್ ಎಕ್ಸ್’ ಎಂಬ ಬಿಗಿ ನಿಯಂತ್ರಣದ ಪಟ್ಟಿಯಲ್ಲಿದೆ, 1985ರ ಮಾದಕ ವಸ್ತು ಕಾಯ್ದೆಯ ಅಡಿಯಲ್ಲೂ ಬರುತ್ತದೆ. ವೈದ್ಯರು ಚೀಟಿಯನ್ನು ಎರಡು ಪ್ರತಿಯಲ್ಲಿ ಬರೆಯಬೇಕು, ಒಂದನ್ನು ಅಂಗಡಿಯವರು ಎರಡು ವರ್ಷ ಇಟ್ಟುಕೊಳ್ಳಬೇಕು, ಮಾರಲು ಬೇರೆಯೇ ಪರವಾನಗಿ ಬೇಕು. ನಿಮ್ಮ ಊರಿನ ಮೆಡಿಕಲ್‌ನಲ್ಲಿ ಆ ಪರವಾನಗಿ ಇರಲಿಕ್ಕಿಲ್ಲ, ಅಷ್ಟೇ. ಹೊಸ ಔಷಧದ ಪ್ರಯೋಗವೂ ಇದಲ್ಲ. ಸ್ವಿಟ್ಜರ್ಲೆಂಡಿನ ಸೀಬಾ ಕಂಪೆನಿಯಲ್ಲಿ ಲಿಯಾಂದ್ರೊ ಪಾನಿಜ್ಜೊನ್ 1944ರಲ್ಲಿ ಇದನ್ನು ತಯಾರಿಸಿದರು. ಹೆಂಡತಿ ರೀಟಾಳ ಹೆಸರಿನಿಂದ ರಿಟಾಲಿನ್ ಎಂದು ಹೆಸರಾಯಿತು. ಎಪ್ಪತ್ತು ವರ್ಷಗಳಿಂದ ಬಳಕೆಯಲ್ಲಿರುವ ಔಷಧವಾದ್ದರಿಂದಲೇ ಇದರ ಒಳಿತು ಕೆಡುಕುಗಳನ್ನು ಇಷ್ಟು ನೇರವಾಗಿ ಹೇಳಲು ಸಾಧ್ಯವಾಗುತ್ತಿದೆ.

ಗಡಿಯಾರದ ಪ್ರಕಾರ ಬಂದು ಹೋಗುವ ತೊಂದರೆಗಳನ್ನು ಹೊತ್ತು, ಊಟ, ಡೋಸ್ ಬದಲಿಸಿ ಸರಿಮಾಡಬಹುದು. ಇನ್ನು ಕೆಲವು ಇವೆ, ಅವು ಕಂಡರೆ ಮುಂದಿನ ಭೇಟಿಯವರೆಗೆ ಕಾಯಬಾರದು. ಎದೆನೋವು, ಓಡುವಾಗ ತಲೆ ತಿರುಗಿ ಬೀಳುವುದು, ಕೂತಲ್ಲೇ ಎದೆ ಹೊಡೆದುಕೊಳ್ಳುವುದು. ಯಾರೂ ಇಲ್ಲದ ಕಡೆ ಧ್ವನಿ ಕೇಳಿಸುತ್ತದೆ, ಏನೋ ಹರಿದಾಡುತ್ತದೆ ಎನ್ನುವುದು, ಎಲ್ಲರ ಮೇಲೂ ಸಂಶಯ. ಸಾಯುವ ಮಾತು. ಬೆರಳ ತುದಿ ಬಿಳಿಚಿ, ನೀಲಿಯಾಗಿ ನೋಯುವುದು. ಗಂಡುಮಕ್ಕಳಲ್ಲಿ ಬಹಳ ಅಪರೂಪಕ್ಕೆ ಶಿಶ್ನದ ನಿಮಿರುವಿಕೆ ಗಂಟೆಗಟ್ಟಲೆ ಇಳಿಯದೆ ನೋಯುವುದೂ ಉಂಟು. ನಾಚಿಕೆಯಿಂದ ಮಗು ಹೇಳದೆ ಇರಬಹುದು, ನೀವೇ ಒಮ್ಮೆ ಹೇಳಿಟ್ಟಿರಿ. ಇವೆಲ್ಲ ವಿರಳ. ಆದರೆ ಕಂಡ ದಿನವೇ ಮಾತ್ರೆ ನಿಲ್ಲಿಸಿ ಆಸ್ಪತ್ರೆಗೆ ಹೋಗಬೇಕು.

ಈ ಔಷಧ ನಾಡಿಬಡಿತವನ್ನೂ ರಕ್ತದೊತ್ತಡವನ್ನೂ ತುಸು ಏರಿಸುತ್ತದೆ. ಆರೋಗ್ಯವಂತ ಹೃದಯಕ್ಕೆ ಅದು ಭಾರವಲ್ಲ. ಮಗನಿಗೆ ಹುಟ್ಟಿನಿಂದ ಹೃದಯದ ದೋಷವಿತ್ತೇ, ಸಂಧಿವಾತ ಜ್ವರ ಬಂದಿತ್ತೇ, ಮನೆತನದಲ್ಲಿ ಯಾರಾದರೂ ನಲವತ್ತರ ಒಳಗೆ ಇದ್ದಕ್ಕಿದ್ದಂತೆ ತೀರಿಕೊಂಡಿದ್ದಾರೆಯೇ ಎಂದು ವೈದ್ಯರು ಕೇಳಿದ್ದರೇ? ಕೇಳದಿದ್ದರೆ ನೀವೇ ಹೇಳಿ. ಎರಡೂ ಕಡೆಯ ಅಜ್ಜಿಯಂದಿರನ್ನು ವಿಚಾರಿಸಿ, ಇಂಥ ಸಂಗತಿ ಅವರಿಗೇ ಚೆನ್ನಾಗಿ ನೆನಪಿರುತ್ತದೆ. ಡೋಸ್ ಬದಲಿಸಿದಾಗಲೆಲ್ಲ, ಮತ್ತೆ ಆರು ತಿಂಗಳಿಗೊಮ್ಮೆ, ನಾಡಿ ಮತ್ತು ರಕ್ತದೊತ್ತಡ ನೋಡಿಸಬೇಕು.

ಯಾರೂ ದೂರು ಕೊಡದ ಒಂದು ಅಡ್ಡಪರಿಣಾಮವಿದೆ. ಅದರ ಬಗ್ಗೆ ನನಗೆ ಎಲ್ಲಕ್ಕಿಂತ ಹೆಚ್ಚು ಚಿಂತೆ. ಒಬ್ಬ ಹುಡುಗ ಊಟದ ತಟ್ಟೆ ಮಗುಚಿ ಹಾಕಿ ಎರಡು ಚಮಚಗಳಲ್ಲಿ ಚೆಂಡೆ ಬಾರಿಸುತ್ತಿದ್ದ. ನನ್ನ ಕೋಣೆಯ ಮೇಜನ್ನೂ ಬಿಡುತ್ತಿರಲಿಲ್ಲ. ಡೋಸ್ ಏರಿಸಿದ ಮೂರು ವಾರದ ನಂತರ ಬಂದಾಗ ಕೈಗಳನ್ನು ತೊಡೆಯ ಮೇಲಿಟ್ಟು ಕೂತಿದ್ದ. ತಂದೆಗೆ ಬಹಳ ಸಂತೋಷ, ಶಾಲೆಯವರಿಗೂ ಸಂತೋಷ. ನಾನು ಮೇಜಿನ ಮೇಲೆ ಬೆರಳಲ್ಲಿ ತಾಳ ಹಾಕಿದೆ, ಅವನು ನೋಡಿದ, ಬಾರಿಸಲಿಲ್ಲ. ಅಂದೇ ಡೋಸ್ ಇಳಿಸಿದೆ. ಮಗು ಮಂಕಾದರೆ, ನಗು ಆಟ ಬಿಟ್ಟರೆ, ಅದು ಗುಣವಾದದ್ದಲ್ಲ, ಡೋಸ್ ಹೆಚ್ಚಾದದ್ದು. ನಿಮ್ಮ ಮಗ ಈಗಲೂ ಹಿಂದಿನಂತೆ ತಮಾಷೆ ಮಾಡುತ್ತಾನೆಯೇ? ನಿಮ್ಮ ಪತ್ರದಲ್ಲಿ ಇದರ ಮಾತಿಲ್ಲ, ಗಮನಿಸಿ.

ಕೆಮ್ಮು ಶೀತಕ್ಕೆ ಅಂಗಡಿಯಿಂದ ತರುವ ಸಿರಪ್‌ಗಳಲ್ಲಿ ಮೂಗು ಬಿಡಿಸುವ ಫಿನೈಲ್‌ಎಫ್ರಿನ್, ಸ್ಯೂಡೋಎಫೆಡ್ರಿನ್ ಇರುತ್ತವೆ. ಈ ಮಾತ್ರೆಯ ಜೊತೆಗೆ ಅವು ಎದೆಬಡಿತ ಏರಿಸಬಹುದು. ಮಳೆಗಾಲದಲ್ಲಿ ಯಾವ ಸಿರಪ್ ಕೊಡುವ ಮೊದಲೂ ವೈದ್ಯರನ್ನು ಕೇಳಿ. ಸ್ಟ್ರಾಂಗ್ ಕಾಫಿ, ಚಹಾ ಬೇಡ. ತೋಟದ ಮನೆಯ ಮಕ್ಕಳು ಅಂಗಳದಲ್ಲಿ ಒಣಹಾಕಿದ ಅಡಿಕೆಯ ಚೂರನ್ನು ಬಾಯಿಗೆ ಹಾಕಿಕೊಳ್ಳುವುದನ್ನು ನಾವು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ, ಆದರೆ ಅಡಿಕೆಯೂ ನರವನ್ನು ಕೆರಳಿಸುವ ವಸ್ತುವೇ. ಆಯುರ್ವೇದದ ಕಷಾಯ, ಲೇಹ್ಯ ಕೊಡುತ್ತಿದ್ದರೆ ಅದನ್ನೂ ವೈದ್ಯರಿಗೆ ಹೇಳಿ. ಮಾತ್ರೆಗಳನ್ನು ಬೀಗದಲ್ಲಿಡಿ, ವಾರಕ್ಕೊಮ್ಮೆ ಎಣಿಸಿ. ಮನೆಯ ಸಣ್ಣ ಮಗು ನುಂಗಿದರೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಲು ಹೋಗದೆ, ಆ ಸ್ಟ್ರಿಪ್ಪನ್ನೇ ಕೈಯಲ್ಲಿ ಹಿಡಿದು ಆಸ್ಪತ್ರೆಗೆ ಓಡಿ.

ಕೊನೆಯ ಮಾತ್ರೆ ಉಳಿಯುವವರೆಗೆ ಕಾಯದೆ, ವಾರ ಮುಂಚೆಯೇ ಮಂಗಳೂರಿಗೆ ಹೋಗಿ ಬನ್ನಿ. 2020ರ ಮಾರ್ಚ್‌ನಲ್ಲಿ ತಲಪಾಡಿಯಲ್ಲಿ ಕರ್ನಾಟಕದ ಗಡಿ ಮುಚ್ಚಿದಾಗ ಕಾಸರಗೋಡಿನ ರೋಗಿಗಳು ಪಟ್ಟ ಪಾಡನ್ನು ನಾವ್ಯಾರೂ ಮರೆತಿಲ್ಲ. ಈ ಡೋಸಿನಲ್ಲಿ ನಾಲ್ಕು ದಿನ ಮಾತ್ರೆ ತಪ್ಪಿದರೆ ಮಗುವಿನ ಹಳೆಯ ತುಂಟತನ ಮರಳುತ್ತದೆಯೇ ಹೊರತು ಜೀವಕ್ಕೆ ತೊಂದರೆಯಿಲ್ಲ. ಪೂರ್ತಿ ನಿಲ್ಲಿಸುವುದಾದರೆ ಮಾತ್ರ ವೈದ್ಯರ ಜೊತೆ ಮಾತಾಡಿಯೇ ನಿಲ್ಲಿಸಬೇಕು.

ದುಬೈ ಪ್ರಯಾಣದ ವಿಷಯದಲ್ಲಿ ಬಹಳ ಎಚ್ಚರ ಬೇಕು. ಅಲ್ಲಿ ಇದು ನಿಯಂತ್ರಿತ ಔಷಧ. ಹೊರಡುವ ಮೊದಲೇ ಆ ದೇಶದ ಸರ್ಕಾರದಿಂದ ಆನ್‌ಲೈನ್ ಮೂಲಕ ಅನುಮತಿ ಪಡೆದಿರಬೇಕು. ಇಂಗ್ಲಿಷಿನಲ್ಲಿ ಬರೆದ ವೈದ್ಯರ ಪತ್ರ, ಚೀಟಿ, ಮೂಲ ಪೆಟ್ಟಿಗೆ ಕೈಯಲ್ಲಿರಬೇಕು. ನಮ್ಮಲ್ಲಿ ಗಲ್ಫಿಗೆ ಹೊರಟವರ ಕೈಯಲ್ಲಿ ಉಪ್ಪಿನಕಾಯಿಯ ಜೊತೆ ಔಷಧದ ಕಟ್ಟನ್ನೂ ಕಳುಹಿಸುವ ರೂಢಿಯಿದೆ. ಈ ಮಾತ್ರೆಯನ್ನು ಹಾಗೆ ಯಾರ ಕೈಗೂ ಕೊಡಬೇಡಿ, ಅವರು ಜೈಲು ಸೇರಬೇಕಾದೀತು. ರಜೆಯಲ್ಲಿ ಶಾಲೆಯ ಕೆಲಸವಿಲ್ಲ, ತೂಕವೂ ಏರಬೇಕಾಗಿದೆ. ಆ ತಿಂಗಳು ಮಾತ್ರೆಗೆ ಬಿಡುವು ಕೊಡಬಹುದೇ ಎಂದು ವೈದ್ಯರನ್ನು ಕೇಳಿ. ರಸ್ತೆಗೆ ನುಗ್ಗುವ, ಕೆರೆಗೆ ಇಳಿಯುವ ಮಗುವಾದರೆ ಬಿಡುವು ಬೇಡ ಎಂದು ನಾನು ಹೇಳುತ್ತೇನೆ. ನಿಮ್ಮ ಮಗ ಹೇಗೆಂದು ನಿಮಗೇ ಗೊತ್ತು.

ನೀವು ಕೇಳದ ಒಂದು ಪ್ರಶ್ನೆಯನ್ನು ನಾನೇ ಕೇಳುತ್ತೇನೆ. ಅವನ ಗಮನ ತಪ್ಪುವುದು ಎಲ್ಲ ಪಾಠಗಳಲ್ಲಿಯೂ ಹೌದೇ? ನಮ್ಮ ಜಿಲ್ಲೆಯ ಕನ್ನಡ ತರಗತಿಗಳಿಗೆ ಕನ್ನಡ ಬಾರದ ಅಧ್ಯಾಪಕರು ನೇಮಕವಾಗಿ, ಪೋಷಕರು ಪ್ರತಿಭಟನೆಗೆ ಇಳಿದದ್ದು ಒಂದೆರಡು ಸಲವಲ್ಲ. ಅರ್ಥವಾಗದ ಭಾಷೆಯ ಪಾಠಕ್ಕೆ ಕೂತ ಯಾವ ಮಗು ಕಿಟಕಿ ನೋಡುವುದಿಲ್ಲ? ಎಡಿಎಚ್‌ಡಿ ಎನ್ನಬೇಕಾದರೆ ಲಕ್ಷಣಗಳು ಹನ್ನೆರಡು ವರ್ಷದೊಳಗೆ ಶುರುವಾಗಿ, ಆರು ತಿಂಗಳಾದರೂ ಇದ್ದು, ಶಾಲೆ ಮಾತ್ರವಲ್ಲದೆ ಮನೆ, ನೆಂಟರ ಮನೆ ಎಂದು ಒಂದಕ್ಕಿಂತ ಹೆಚ್ಚು ಕಡೆ ಕಾಣಬೇಕು. ನಿಮ್ಮ ಮಗನಿಗೆ ಮಾತ್ರೆಯಿಂದ ಬರವಣಿಗೆ ಸುಧಾರಿಸಿದೆ, ಆದರೆ ಅದನ್ನೇ ರೋಗಕ್ಕೆ ಸಾಕ್ಷಿ ಎನ್ನಲಾಗದು. ಶಾಲೆಯ ವೇಳಾಪಟ್ಟಿಯನ್ನು ವೈದ್ಯರಿಗೆ ತೋರಿಸಿ, ಯಾವ ಪಾಠ ಯಾವ ಭಾಷೆಯಲ್ಲಿ ನಡೆಯುತ್ತದೆ ಎಂದು ಹೇಳಿ. ವೈದ್ಯರಲ್ಲಿ ನಡೆದ ಪರೀಕ್ಷೆ ಕನ್ನಡದಲ್ಲಿರಲಿಲ್ಲವಾದರೆ ಕನ್ನಡದಲ್ಲಿಯೇ ಮಾಡಿ ಎಂದು ಕೇಳುವ ಹಕ್ಕು ನಿಮಗಿದೆ. ರಾತ್ರಿ ಹೊತ್ತು ಯಾರೂ ಸಿಗದೆ ಕಂಗೆಟ್ಟರೆ ಕೇಂದ್ರ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಸಂಖ್ಯೆ 14416ಕ್ಕೆ ಕರೆ ಮಾಡಿ. ಅಲ್ಲಿ ಕನ್ನಡದಲ್ಲಿ ಮಾತಾಡುವವರಿದ್ದಾರೆ.

ಆದ್ದರಿಂದ ಈಗಲೇ ನಿಲ್ಲಿಸಬೇಡಿ ತಾಯೀ, ಹೊತ್ತು ಸರಿಮಾಡಿ ನೋಡಿ. ಒಂದು ನೋಟ್‌ಬುಕ್ಕಿನಲ್ಲಿ ನಾಲ್ಕು ಗೆರೆ ಎಳೆಯಿರಿ: ಮಾತ್ರೆ ಕೊಟ್ಟ ಗಂಟೆ, ತಿಂದದ್ದು, ಸಿಟ್ಟು ಬಂದ ಗಂಟೆ, ಮಲಗಿದ ಗಂಟೆ. ಮೂರು ವಾರ ಬರೆದು ಅದನ್ನೇ ವೈದ್ಯರ ಮುಂದಿಡಿ. ನಿದ್ದೆ ಮಾತ್ರೆಗೆ ಮುಂಚಿನಿಂದಲೂ ತಡವಾಗಿತ್ತೇ ಎಂಬುದನ್ನೂ ನೆನಪು ಮಾಡಿಕೊಂಡು ಮೊದಲ ಪುಟದಲ್ಲಿ ಬರೆಯಿರಿ.

ಮಗನ ಪ್ರಶ್ನೆಗೆ ಉತ್ತರವನ್ನು ನಾಳೆಗೆ ಮುಂದೂಡಬೇಡಿ. ‘ಹುಚ್ಚಲ್ಲ ಮಗೂ. ನಿನ್ನ ತಲೆಯಲ್ಲಿ ಯೋಚನೆಗಳು ಒಂದರ ಹಿಂದೆ ಒಂದು ಬೇಗಬೇಗ ಓಡುತ್ತವೆ. ಬರೆಯುವಾಗ ಅವುಗಳಲ್ಲಿ ಒಂದನ್ನು ಹಿಡಿದುಕೊಳ್ಳಲು ಈ ಮಾತ್ರೆ ಸಹಾಯ ಮಾಡುತ್ತದೆ. ಬರೆಯುವುದು ಮಾತ್ರ ನೀನೇ’ ಎಂದು ಹೇಳಿ. ಅಕ್ಷರ ದುಂಡಗಾದದ್ದಕ್ಕೆ ಮಾತ್ರೆಯನ್ನು ಹೊಗಳದೆ ಅವನನ್ನು ಹೊಗಳಿ. ಸಿಟ್ಟು ಮಾಡಿದಾಗ ‘ಇವತ್ತು ಮಾತ್ರೆ ನುಂಗಿಲ್ಲವಾ?’ ಎಂದು ನೆಂಟರ ಮುಂದೆ ಕೇಳುವುದನ್ನು ಮನೆಯವರೆಲ್ಲ ಬಿಡಬೇಕು, ಅತ್ತೆಯೂ ಸೇರಿ. ಒಂಬತ್ತು ವರ್ಷದವನಿಗೆ ಗಡಿಯಾರ ಓದಲು ಬರುತ್ತದೆ. ನೋಟ್‌ಬುಕ್ಕಿನಲ್ಲಿ ಐದನೆಯ ಗೆರೆ ಎಳೆದು ಅವನ ಕೈಗೆ ಪೆನ್ಸಿಲ್ ಕೊಡಿ. ಮೈಗೆ, ಮನಸ್ಸಿಗೆ ಯಾವ ಹೊತ್ತಿಗೆ ಹೇಗೆನಿಸಿತು ಎಂಬುದನ್ನು ಅವನೇ ಬರೆಯಲಿ.